ವಿಕಾಸ ವೃಕ್ಷದ ಕಡತಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಜೀವಿಗಳ ಡಿಎನ್‌ಎ ಸರಣಿಗಳನ್ನು ಹೋಲಿಸಿ ಅವುಗಳ ನಡುವಿನ ನಂಟನ್ನು ತೋರಿಸುವ ವಿಕಾಸ ವೃಕ್ಷಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಬಗ್ಗೆ, ಅವನ್ನು ಒಂದು ಬಗೆಯ ಕಡತದಿಂದ ಇನ್ನೊಂದು ಬಗೆಗೆ ಬದಲಾಯಿಸುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ತೊಡಕನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಅಂಥವನ್ನು ಸೇರಿಸಿ ಒಂದಾಗಿ ಮಾಡಲಾಗಿದೆ.

ಪ್ರಶ್ನೆ: ನಾನು ಸ್ನಾತಕೋತ್ತರ ವಿದ್ಯಾರ್ಥಿ. ವೃಕ್ಷ ಕಟ್ಟುವ ತಂತ್ರಾಂಶವನ್ನು ಓಡಿಸಿದ ಮೇಲೆ ನನಗೆ ಸಿಕ್ಕಿದ್ದು ಚಿತ್ರವಲ್ಲ. ಆವರಣ ಚಿಹ್ನೆಗಳು, ಅಲ್ಪವಿರಾಮಗಳು ಮತ್ತು ಅಂಕಿಗಳೇ ತುಂಬಿರುವ ಒಂದು ಉದ್ದನೆಯ ಸಾಲು. ಇದನ್ನು ಓದುವುದು ಹೇಗೆ?

ಉತ್ತರ: ನಿಮ್ಮ ಕೈಯಲ್ಲಿರುವ ಆ ಸಾಲೇ ವೃಕ್ಷ. ಚಿತ್ರ ಎಂಬುದು ಆ ಸಾಲನ್ನು ಕಣ್ಣಿಗೆ ಕಾಣಿಸುವ ಒಂದು ವಿಧಾನ ಮಾತ್ರ, ಮತ್ತು ಒಂದೇ ಸಾಲಿನಿಂದ ಹತ್ತಾರು ಬಗೆಯ ಚಿತ್ರಗಳನ್ನು ಬಿಡಿಸಬಹುದು. ಆದುದರಿಂದ ಚಿತ್ರವನ್ನು ಕಳೆದುಕೊಂಡರೂ ಈ ಸಾಲನ್ನು ಕಳೆದುಕೊಳ್ಳಬೇಡಿ.

ಈ ಬರಹದ ಕ್ರಮಕ್ಕೆ ನ್ಯೂಯಿಕ್ ಎಂದು ಹೆಸರು. ಕಪಿ ಮತ್ತು ಮಾನವರ ಹತ್ತಿರದ ಸಂಬಂಧವನ್ನು ಇದರಲ್ಲಿ ಹೀಗೆ ಬರೆಯುತ್ತಾರೆ:

(((ಮಾನವ,ಚಿಂಪಾಂಜಿ),ಗೊರಿಲ್ಲಾ),ಒರಾಂಗುಟಾನ್);

ತೀರ ಒಳಗಿನ ಆವರಣದಿಂದ ಹೊರಕ್ಕೆ ಓದಿಕೊಂಡು ಬನ್ನಿ. ಮಾನವ ಮತ್ತು ಚಿಂಪಾಂಜಿ ಒಂದು ಜೋಡಿ. ಆ ಜೋಡಿಗೆ ಗೊರಿಲ್ಲಾ ಹತ್ತಿರದ ನೆಂಟ. ಆ ಮೂವರಿಗೂ ಒರಾಂಗುಟಾನ್ ನೆಂಟ. ಒಂದೊಂದು ಜೋಡಿ ಆವರಣವೂ ಒಂದು ಕವಲುಬಿಂದು, ಅಂದರೆ ಒಬ್ಬ ಸಮಾನ ಪೂರ್ವಜ. ಕೊನೆಯಲ್ಲಿರುವ ಅರ್ಧವಿರಾಮವು ವೃಕ್ಷ ಇಲ್ಲಿಗೆ ಮುಗಿಯಿತು ಎಂಬುದರ ಗುರುತು. ನಕಲು ಮಾಡುವಾಗ ಅದು ಬಿಟ್ಟುಹೋದರೆ ಹಲವು ತಂತ್ರಾಂಶಗಳು ಕಡತವನ್ನೇ ತೆರೆಯುವುದಿಲ್ಲ.

ಕೊಂಬೆಯ ಉದ್ದವನ್ನು ಸೇರಿಸಿದಾಗ ಸಾಲು ಹೀಗಾಗುತ್ತದೆ:

((ಮಾನವ:0.006,ಚಿಂಪಾಂಜಿ:0.006)100:0.002,ಗೊರಿಲ್ಲಾ:0.008);

ಕೋಲನ್ ಚಿಹ್ನೆಯ ಮುಂದಿರುವ ಸಂಖ್ಯೆ, ಆ ತುದಿಯಿಂದ (ಅಂದರೆ ಹೆಸರಿರುವ ಜೀವಿಯಿಂದ) ಅಥವಾ ಕವಲಿನಿಂದ ಬೇರಿನ, ಅಂದರೆ ಎಲ್ಲರ ಸಮಾನ ಪೂರ್ವಜನ, ಕಡೆಗೆ ಹೋಗುವ ಕೊಂಬೆಯ ಉದ್ದ. ಸಾಮಾನ್ಯವಾಗಿ ಇದು ಡಿಎನ್‌ಎಯ ಒಂದು ಸ್ಥಾನಕ್ಕೆ ಸರಾಸರಿ ಎಷ್ಟು ಬದಲಾವಣೆಗಳಾಗಿವೆ ಎಂಬುದನ್ನು ಹೇಳುತ್ತದೆ. ಮಾನವನಿಂದ ಚಿಂಪಾಂಜಿಗೆ ಹೋಗುವ ದಾರಿಯಲ್ಲಿ 0.006 ಎರಡು ಸಲ ಬರುತ್ತದೆ, ಕೂಡಿದರೆ 0.012, ಅಂದರೆ ಸಾವಿರ ಸ್ಥಾನಗಳಲ್ಲಿ ಸುಮಾರು 12 ವ್ಯತ್ಯಾಸಗಳು. ಈ ಎರಡು ಜೀವಿಗಳ ಜೀನೋಮುಗಳನ್ನು ಅಕ್ಷರಕ್ಕೆ ಅಕ್ಷರ ಇಟ್ಟು ಹೋಲಿಸಿದಾಗ ಕಾಣುವ ವ್ಯತ್ಯಾಸವೂ ಹೆಚ್ಚು ಕಡಿಮೆ ಇಷ್ಟೇ. ಕಾಲಮಾನ ಹಚ್ಚಿದ ವೃಕ್ಷಗಳಲ್ಲಿ ಇದೇ ಜಾಗದಲ್ಲಿ ವರ್ಷಗಳು, ಹೆಚ್ಚಾಗಿ ದಶಲಕ್ಷ ವರ್ಷಗಳ ಲೆಕ್ಕದಲ್ಲಿ, ಇರುತ್ತವೆ. ಯಾವ ಅಳತೆ ಎಂಬುದನ್ನು ಕಡತ ಹೇಳುವುದಿಲ್ಲ. ವೃಕ್ಷ ಕಟ್ಟಿದವರೇ ಬರೆದಿಡಬೇಕು.

ಮುಚ್ಚುವ ಆವರಣದ ಬೆನ್ನಿಗೇ ಬಂದಿರುವ 100 ಎಂಬುದು ಆ ಗುಂಪಿನ ಬೆಂಬಲದ ಅಂಕಿ. ಅದರ ಕಥೆ ಸ್ವಲ್ಪ ದೊಡ್ಡದು, ಮುಂದೆ ಬರುತ್ತದೆ.

ಆವರಣಗಳಿಗೂ ವೃಕ್ಷಗಳಿಗೂ ಇರುವ ಈ ಹೊಂದಿಕೆಯನ್ನು ಗಣಿತಜ್ಞ ಆರ್ಥರ್ ಕೇಲಿ 1857ರಲ್ಲಿಯೇ ಗುರುತಿಸಿದ್ದರು. ಕಂಪ್ಯೂಟರಿಗೆ ತಕ್ಕಂತೆ ಅದನ್ನು ಒಂದು ಒಪ್ಪಿತ ಕ್ರಮವನ್ನಾಗಿ ಮಾಡಿದ್ದು 1986ರ ಜೂನ್‌ನಲ್ಲಿ. ಜೋಸೆಫ್ ಫೆಲ್ಸೆನ್‌ಸ್ಟೈನ್, ಡೇವಿಡ್ ಸ್ವಾಫರ್ಡ್, ವೇಯ್ನ್ ಮ್ಯಾಡಿಸನ್ ಮೊದಲಾದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡೋವರ್ ಎಂಬಲ್ಲಿ ಸೇರಿ ಇದನ್ನು ಅಂತಿಮಗೊಳಿಸಿದರು, ಮತ್ತು ಅವರು ಕೊನೆಯ ಮಾತುಕತೆಗೆ ಕೂತಿದ್ದ ಉಪಾಹಾರ ಗೃಹದ ಹೆಸರೇ ಕ್ರಮಕ್ಕೂ ಬಂತು.

ಪ್ರಶ್ನೆ: ನೆಕ್ಸಸ್ ಕಡತವೊಂದರಿಂದ ವೃಕ್ಷದ ಸಾಲನ್ನು ಮಾತ್ರ ಕತ್ತರಿಸಿ ನ್ಯೂಯಿಕ್ ಕಡತವಾಗಿ ಉಳಿಸಿದೆ. ಚಿತ್ರ ಬಂತು, ಆದರೆ ಜೀವಿಗಳ ಹೆಸರು ಇರಬೇಕಾದಲ್ಲಿ 1, 2, 3 ಎಂದು ಬರೆದಿದೆ. ಹೆಸರುಗಳು ಎಲ್ಲಿ ಹೋದವು?

ಉತ್ತರ: ಹೆಸರುಗಳು ಮೂಲ ಕಡತದಲ್ಲಿಯೇ ಸುರಕ್ಷಿತವಾಗಿವೆ. ನೆಕ್ಸಸ್ ಕಡತವು ಹಲವು ಭಾಗಗಳಾಗಿ ಇರುತ್ತದೆ: ಒಂದರಲ್ಲಿ ಜೀವಿಗಳ ಪಟ್ಟಿ, ಇನ್ನೊಂದರಲ್ಲಿ ಡಿಎನ್‌ಎ ಅಥವಾ ಬೇರೆ ಲಕ್ಷಣಗಳ ಕೋಷ್ಟಕ, ಮತ್ತೊಂದರಲ್ಲಿ ವೃಕ್ಷಗಳು. ವೃಕ್ಷಗಳ ಭಾಗದ ಆರಂಭದಲ್ಲಿ, ಇಂಥ ಅಂಕಿಗೆ ಇಂಥ ಜೀವಿ ಎಂದು ಹೇಳುವ ಟ್ರಾನ್ಸ್‌ಲೇಟ್ ಎಂಬ ಪಟ್ಟಿಯನ್ನು ಇಡುವ ರೂಢಿ ಇದೆ. ಒಂದೇ ಕಡತದಲ್ಲಿ ಸಾವಿರಾರು ವೃಕ್ಷಗಳಿದ್ದಾಗ ಉದ್ದದ ಹೆಸರುಗಳನ್ನು ಮತ್ತೆ ಮತ್ತೆ ಬರೆಯುವುದು ಇದರಿಂದ ತಪ್ಪುತ್ತದೆ. ನೀವು ಸಾಲನ್ನು ಕತ್ತರಿಸಿಕೊಂಡಾಗ ಆ ಪಟ್ಟಿ ಹಿಂದೆಯೇ ಉಳಿಯಿತು, ಅಷ್ಟೆ.

ಆದುದರಿಂದ ಕತ್ತರಿಸಿ ಅಂಟಿಸುವ ಬದಲು ಇಡೀ ಕಡತವನ್ನು ತಂತ್ರಾಂಶದ ಕೈಗೆ ಕೊಡಿ. ವೃಕ್ಷ ತೋರಿಸುವ ಫಿಗ್‌ಟ್ರೀ ಎಂಬ ತಂತ್ರಾಂಶದಲ್ಲಿ ತೆರೆದು ನ್ಯೂಯಿಕ್ ರೂಪದಲ್ಲಿ ಹೊರತೆಗೆಯಬಹುದು. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ತಿಳಿದವರಿಗೆ ಏಪ್ ಎಂಬ ಪ್ಯಾಕೇಜಿನಲ್ಲಿ ನೆಕ್ಸಸ್ ಓದುವ ಮತ್ತು ನ್ಯೂಯಿಕ್ ಬರೆಯುವ ಆದೇಶಗಳಿವೆ. ಪೈಥಾನ್ ಬಳಸುವವರಿಗೆ ಬಯೋಪೈಥಾನಿನ ಫೈಲೋ ವಿಭಾಗದಲ್ಲಿ ಇದು ಒಂದೇ ಸಾಲಿನ ಕೆಲಸ.

ಇಷ್ಟು ಹೇಳಿ ನಿಲ್ಲಿಸಿದರೆ ಉತ್ತರ ಅರ್ಧವೇ ಆಗುತ್ತದೆ. ಕಾಲಮಾನ ಹಚ್ಚಿದ ವೃಕ್ಷಗಳನ್ನು ಕಟ್ಟುವ ಬೀಸ್ಟ್‌ನಂಥ ತಂತ್ರಾಂಶಗಳು ಒಂದೊಂದು ಕವಲಿನ ಪಕ್ಕದಲ್ಲಿಯೂ ಚೌಕ ಆವರಣದೊಳಗೆ ಬಹಳಷ್ಟು ಮಾಹಿತಿ ಬರೆದಿಡುತ್ತವೆ: ಕವಲಿನ ವಯಸ್ಸು, ಆ ವಯಸ್ಸಿನ ಶೇಕಡ 95ರ ವ್ಯಾಪ್ತಿ, ಬದಲಾವಣೆಯ ವೇಗ ಇತ್ಯಾದಿ. ನ್ಯೂಯಿಕ್ ಮತ್ತು ನೆಕ್ಸಸ್ ಎರಡರಲ್ಲಿಯೂ ಚೌಕ ಆವರಣವೆಂದರೆ ಟಿಪ್ಪಣಿ, ಮತ್ತು ಟಿಪ್ಪಣಿಯನ್ನು ಬಿಟ್ಟು ಮುಂದೆ ಹೋಗುವ ಹಕ್ಕು ಓದುವ ತಂತ್ರಾಂಶಕ್ಕೆ ಇದೆ. ಏಪ್‌ನ ನೆಕ್ಸಸ್ ಆದೇಶವು ಹೀಗೆಯೇ ಅದನ್ನು ಬಿಡುತ್ತದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ವೃಕ್ಷದ ಆಕಾರ ಸರಿಯಾಗಿಯೇ ಇರುವುದರಿಂದ ಏನೋ ಕಳೆದುಹೋಗಿದೆ ಎಂಬುದು ವಾರಗಳ ನಂತರ, ವಯಸ್ಸಿನ ಪಟ್ಟಿಗಳನ್ನು ಚಿತ್ರಕ್ಕೆ ಸೇರಿಸಲು ಹೋದಾಗ ತಿಳಿಯುತ್ತದೆ. ಅಂಥ ಕಡತಗಳಿಗೆ ಆರ್‌ನ ಟ್ರೀಐಓ ಪ್ಯಾಕೇಜನ್ನು ಬಳಸಿ. ಅದು ಟಿಪ್ಪಣಿಗಳನ್ನು ಓದಿ, ಅವನ್ನು ಆಯಾ ಕವಲುಗಳಿಗೆ ಜೋಡಿಸಿಯೇ ಇಡುತ್ತದೆ.

ಮಾಹಿತಿಗೆ ಗೊತ್ತಾದ ಜಾಗವನ್ನು ಮಾಡಿಕೊಡಬೇಕೆಂದೇ ಹುಟ್ಟಿದ ಕ್ರಮಗಳೂ ಇವೆ. 2009ರಲ್ಲಿ ಪ್ರಕಟವಾದ ಫೈಲೋಎಕ್ಸ್‌ಎಂಎಲ್ ಮತ್ತು 2012ರ ನೆಕ್ಸ್‌ಎಂಎಲ್ ಅಂಥವು. ಇವುಗಳಲ್ಲಿ ಬೆಂಬಲದ ಅಂಕಿ, ಜೀವಿಯ ಹೆಸರು, ಕಾಲಮಾನ ಎಲ್ಲಕ್ಕೂ ಬೇರೆ ಬೇರೆ ಗುರುತುಗಳಿರುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವ ಸಂಭವ ಕಡಿಮೆ. ಇವನ್ನು ಓದಬಲ್ಲ ತಂತ್ರಾಂಶಗಳು ಕಡಿಮೆ ಇರುವುದೇ ಇವುಗಳ ಕೊರತೆ.

ಪ್ರಶ್ನೆ: ನನ್ನ ಕೋಷ್ಟಕದಲ್ಲಿರುವ ಜೀವಿಗಳ ಹೆಸರು ವೃಕ್ಷದ ತುದಿಗಳ ಹೆಸರಿನೊಂದಿಗೆ ಹೊಂದುತ್ತಿಲ್ಲ ಎಂದು ತಂತ್ರಾಂಶ ಹೇಳುತ್ತದೆ. ಕಣ್ಣಿಗೆ ಎರಡೂ ಒಂದೇ ಕಾಣುತ್ತವೆ.

ಉತ್ತರ: ಮೊದಲು ಅಂಡರ್‌ಸ್ಕೋರನ್ನು ನೋಡಿ. ಉದ್ಧರಣ ಚಿಹ್ನೆಯಿಲ್ಲದ ಹೆಸರಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಅದನ್ನು ಖಾಲಿ ಜಾಗವೆಂದು ಓದಬೇಕು ಎನ್ನುವುದು ನ್ಯೂಯಿಕ್‌ನ ಮೂಲ ನಿಯಮ. ಪೈಥಾನಿನ ಡೆಂಡ್ರೊಪೈ ಈ ನಿಯಮವನ್ನು ಪಾಲಿಸುತ್ತದೆ; ಏಪ್ ಅಂಡರ್‌ಸ್ಕೋರನ್ನು ಇದ್ದಂತೆಯೇ ಇಡುತ್ತದೆ. ಹಾಗಾಗಿ "ಹೋಮೊ_ಸೇಪಿಯನ್ಸ್" ಎಂಬ ಒಂದೇ ಹೆಸರು ಒಂದು ಕಡೆ ಗೆರೆಯೊಂದಿಗೆ, ಇನ್ನೊಂದು ಕಡೆ ಖಾಲಿ ಜಾಗದೊಂದಿಗೆ ಉಳಿಯುತ್ತದೆ, ಮತ್ತು ಕಂಪ್ಯೂಟರಿನ ಮಟ್ಟಿಗೆ ಅವು ಎರಡು ಬೇರೆ ಹೆಸರುಗಳು.

ಹೆಸರಿನೊಳಗೆ ಅಲ್ಪವಿರಾಮ, ಕೋಲನ್, ಅರ್ಧವಿರಾಮ, ಆವರಣ ಇವು ಇದ್ದರೆ ತೊಂದರೆ ಇನ್ನೂ ದೊಡ್ಡದು, ಏಕೆಂದರೆ ಅವು ವೃಕ್ಷದ ವ್ಯಾಕರಣಕ್ಕೆ ಸೇರಿದ ಚಿಹ್ನೆಗಳು. ಡೇಟಾಬೇಸಿನಿಂದ ತಂದ ಸರಣಿಯ ಹೆಸರಿನಲ್ಲಿ ವರ್ಣತಂತುವಿನ ಸ್ಥಾನವನ್ನು ಕೋಲನ್ ಹಾಕಿ ಬರೆದಿದ್ದರೆ, ಅಲ್ಲಿಂದ ಮುಂದಿನದನ್ನು ತಂತ್ರಾಂಶವು ಕೊಂಬೆಯ ಉದ್ದವೆಂದು ಓದಲು ಹೋಗುತ್ತದೆ. ಹಳೆಯ ಫಿಲಿಪ್ ಕ್ರಮದ ಕಡತಗಳಲ್ಲಿ ಹೆಸರಿಗೆ ಹತ್ತೇ ಅಕ್ಷರಗಳ ಜಾಗ. ಮೊದಲ ಹತ್ತು ಅಕ್ಷರ ಒಂದೇ ಆಗಿರುವ ಎರಡು ಜೀವಿಗಳು ಅಲ್ಲಿ ಒಂದೇ ಹೆಸರಿನವಾಗಿಬಿಡುತ್ತವೆ. ವೃಕ್ಷ ಕಟ್ಟುವ ಮೊದಲೇ ಪ್ರತಿ ಸರಣಿಗೂ ಅಕ್ಷರ ಮತ್ತು ಅಂಕಿಗಳಷ್ಟೇ ಇರುವ ಚಿಕ್ಕ ಗುರುತು ಕೊಟ್ಟು, ಪೂರ್ಣ ಹೆಸರುಗಳನ್ನು ಬೇರೆ ಕೋಷ್ಟಕದಲ್ಲಿಟ್ಟು, ಚಿತ್ರ ಬಿಡಿಸುವ ಹಂತದಲ್ಲಿ ಮಾತ್ರ ಅವನ್ನು ತರುವುದು ಎಲ್ಲಕ್ಕಿಂತ ಭದ್ರವಾದ ದಾರಿ.

ಪ್ರಶ್ನೆ: ವೃಕ್ಷದ ಬೇರನ್ನು ಬದಲಾಯಿಸಿದ ಮೇಲೆ ಬೂಟ್‌ಸ್ಟ್ರ್ಯಾಪ್ ಅಂಕಿಗಳು ಬೇರೆ ಕವಲುಗಳ ಮೇಲೆ ಕಾಣಿಸುತ್ತಿವೆ ಎಂದು ನನ್ನ ಮಾರ್ಗದರ್ಶಕರು ಹೇಳಿದರು. ಬೇರು ಬದಲಾದರೆ ಅಂಕಿಗಳೂ ಬದಲಾಗಬೇಕಲ್ಲವೆ?

ಉತ್ತರ: ನಿಮ್ಮ ಮಾರ್ಗದರ್ಶಕರು ಹಿಡಿದಿರುವುದು ಬಹಳ ಮುಖ್ಯವಾದ ದೋಷ. ಈ ಸಂಚಿಕೆಯಲ್ಲಿ ಒಂದೇ ಉತ್ತರವನ್ನು ಓದುವಷ್ಟು ಸಮಯವಿರುವವರು ಇದನ್ನು ಓದಬೇಕೆಂದು ನಾವು ಬಯಸುತ್ತೇವೆ.

1985ರಲ್ಲಿ ಫೆಲ್ಸೆನ್‌ಸ್ಟೈನ್ ವಿಕಾಸ ವೃಕ್ಷಗಳಿಗೆ ತಂದ ಬೂಟ್‌ಸ್ಟ್ರ್ಯಾಪ್ ವಿಧಾನದಲ್ಲಿ, ಸರಣಿಯ ಸ್ಥಾನಗಳನ್ನು ಮತ್ತೆ ಮತ್ತೆ ಆಯ್ದು, ಪ್ರತಿ ಸಲವೂ ಹೊಸ ವೃಕ್ಷವನ್ನು ಕಟ್ಟಿ, ಒಂದು ವಿಭಜನೆ ಅವುಗಳಲ್ಲಿ ಶೇಕಡ ಎಷ್ಟರಲ್ಲಿ ಕಾಣುತ್ತದೆ ಎಂದು ಎಣಿಸುತ್ತಾರೆ. ವಿಭಜನೆ ಎಂದರೆ ಒಂದು ಕೊಂಬೆಯನ್ನು ಕತ್ತರಿಸಿದಾಗ ತುದಿಗಳು ಎರಡು ಪಾಲಾಗುವ ಬಗೆ. ಹಾಗಾಗಿ ಈ ಅಂಕಿ ಕೊಂಬೆಗೆ ಸೇರಿದ್ದು, ಕವಲುಬಿಂದುವಿಗೆ ಸೇರಿದ್ದಲ್ಲ. ಆದರೆ ನ್ಯೂಯಿಕ್‌ನಲ್ಲಿ ಅದಕ್ಕೆಂದು ಬೇರೆ ಜಾಗವಿಲ್ಲದ ಕಾರಣ, ಕವಲುಬಿಂದುವಿನ ಹೆಸರು ಬರೆಯುವ ಜಾಗದಲ್ಲಿ ಅದನ್ನು ಬರೆಯುವ ರೂಢಿ ಬೆಳೆಯಿತು. ತೊಂದರೆಯೆಲ್ಲ ಹುಟ್ಟುವುದು ಇಲ್ಲಿಂದಲೇ.

ಐದು ಜೀವಿಗಳ ಒಂದು ವೃಕ್ಷವನ್ನು ತೆಗೆದುಕೊಳ್ಳಿ:

((ಕ,ಖ)95,ಗ,(ಘ,ಚ)60);

ಇಲ್ಲಿ 95 ಹೇಳುವುದು, ಕ ಮತ್ತು ಖ ಒಂದು ಪಾಲು, ಉಳಿದ ಗ, ಘ, ಚ ಇನ್ನೊಂದು ಪಾಲು ಎಂಬ ವಿಭಜನೆಗೆ ಶೇಕಡ 95ರ ಬೆಂಬಲವಿದೆ ಎಂದು. ಈಗ ಕ ಜೀವಿಯನ್ನು ಹೊರಗುಂಪು (ಉಳಿದವೆಲ್ಲವುಗಳಿಂದ ಮೊದಲೇ ಬೇರೆಯಾಯಿತೆಂದು ಗೊತ್ತಿರುವ ಜೀವಿ) ಎಂದು ಇಟ್ಟು ಬೇರನ್ನು ಬದಲಾಯಿಸೋಣ. ಸರಿಯಾದ ಫಲ ಹೀಗಿರಬೇಕು:

(ಕ,(ಖ,(ಗ,(ಘ,ಚ)60)95));

95 ಈಗ ಗ, ಘ, ಚ ಗುಂಪಿನ ಮೇಲೆ ಬಂದಿದೆ. ಅದೇ ವಿಭಜನೆಯನ್ನು ಇನ್ನೊಂದು ಬದಿಯಿಂದ ನೋಡುತ್ತಿರುವುದರಿಂದ ಇದೇ ಸರಿ. ಆದರೆ ಅಂಕಿಯನ್ನು ಕವಲುಬಿಂದುವಿನ ಹೆಸರು ಎಂದು ನಂಬಿದ ತಂತ್ರಾಂಶ ಕೊಡುವುದು ಇದನ್ನು:

(ಕ,(ಖ,(ಗ,(ಘ,ಚ)60))95);

ಈ ಎರಡನೆಯದರಲ್ಲಿ 95 ಕೂತಿರುವುದು ಕ ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ ಎಂಬ ವಿಭಜನೆಯ ಮೇಲೆ. ಒಂದೇ ಜೀವಿಯನ್ನು ಉಳಿದವುಗಳಿಂದ ಬೇರ್ಪಡಿಸುವ ಕೊಂಬೆ ಪ್ರತಿ ವೃಕ್ಷದಲ್ಲಿಯೂ ಇದ್ದೇ ಇರುವುದರಿಂದ ಅದಕ್ಕೆ ಬೆಂಬಲದ ಅಂಕಿಯೇ ಅರ್ಥಹೀನ. ನಿಜವಾಗಿ ಬೆಂಬಲ ಪಡೆದ ಗುಂಪಿನ ಮೇಲಾದರೋ ಏನೂ ಇಲ್ಲ. 60 ಎಂಬ ಅಂಕಿ ಎರಡರಲ್ಲಿಯೂ ಸರಿಯಾಗಿಯೇ ಇದೆ ಎಂಬುದನ್ನೂ ಗಮನಿಸಿ. ಹಳೆಯ ಬೇರಿನಿಂದ ಹೊಸ ಬೇರಿಗೆ ಹೋಗುವ ದಾರಿಯಲ್ಲಿರುವ ಅಂಕಿಗಳು ಮಾತ್ರ ಒಂದೊಂದು ಹೆಜ್ಜೆ ಸರಿದು, ಉಳಿದವು ಸರಿಯಾಗಿಯೇ ಇರುವುದರಿಂದ ದೋಷ ಕಣ್ಣಿಗೆ ಬೀಳುವುದು ಕಷ್ಟ. ಐದು ತುದಿಗಳ ಬದಲು ಇನ್ನೂರು ತುದಿಗಳಿದ್ದಾಗ, ಶೇಕಡ 40ರ ಬೆಂಬಲದ ಗುಂಪೊಂದು 98ರ ಅಂಕಿಯನ್ನು ಹೊತ್ತು ಪ್ರಬಂಧದಲ್ಲಿ ಅಚ್ಚಾಗಬಹುದು, ಮತ್ತು ಓದುವವರು ಆ ಗುಂಪನ್ನು ಸಾಬೀತಾದ ಸಂಗತಿ ಎಂದು ತಿಳಿಯುತ್ತಾರೆ.

ಲೂಕಸ್ ಚೆಕ್, ಹೈಮೆ ಉಯೆರ್ತಾ-ಸೆಪಾಸ್ ಮತ್ತು ಅಲೆಕ್ಸಾಂಡ್ರೋಸ್ ಸ್ಟಮಟಾಕಿಸ್ ಅವರು ವೃಕ್ಷ ತೋರಿಸುವ ತಂತ್ರಾಂಶಗಳನ್ನು ಈ ಒಂದೇ ಪ್ರಶ್ನೆಯಿಟ್ಟು ಪರೀಕ್ಷಿಸಿ, ಹಲವು ಜನಪ್ರಿಯ ತಂತ್ರಾಂಶಗಳಲ್ಲಿ ಈ ದೋಷವಿರುವುದನ್ನು 2017ರಲ್ಲಿ ಪ್ರಕಟಿಸಿದರು. ಆದುದರಿಂದ ನಿಮ್ಮ ತಂತ್ರಾಂಶವನ್ನು ನೀವೇ ಪರೀಕ್ಷಿಸಿಕೊಳ್ಳಿ. ಮೇಲಿನ ಐದು ಜೀವಿಗಳ ಸಾಲನ್ನು ಟೈಪ್ ಮಾಡಿ, ಕ ಮೇಲೆ ಬೇರಿಟ್ಟು, 95 ಎಲ್ಲಿ ಬರುತ್ತದೆ ಎಂದು ನೋಡಿದರೆ ಸಾಕು. ಒಂದು ನಿಮಿಷದ ಕೆಲಸ. ಏಪ್‌ನಲ್ಲಿ ಬೇರು ಬದಲಾಯಿಸುವ ಆದೇಶಕ್ಕೆ ಎಡ್ಜ್‌ಲೇಬಲ್ ಎಂಬ ಆಯ್ಕೆಯಿದೆ. ಅದನ್ನು ಸತ್ಯ ಎಂದು ಇಟ್ಟಾಗ ಅಂಕಿಗಳನ್ನು ಕೊಂಬೆಗೆ ಸೇರಿದವೆಂದು ನಡೆಸಿಕೊಳ್ಳುತ್ತದೆ.

ಪ್ರಶ್ನೆ: ಒಂದೇ ಕಡತವನ್ನು ಎರಡು ತಂತ್ರಾಂಶಗಳಲ್ಲಿ ತೆರೆದರೆ ಎರಡು ಬೇರೆ ವೃಕ್ಷಗಳು ಕಾಣುತ್ತವೆ. ಯಾವುದನ್ನು ನಂಬಬೇಕು?

ಉತ್ತರ: ಬಹುಶಃ ಎರಡೂ ಒಂದೇ ವೃಕ್ಷ. ಪ್ರತಿ ಕವಲಿನಲ್ಲಿಯೂ ಎರಡು ಕೊಂಬೆಗಳನ್ನು ಮೇಲೆ ಕೆಳಗೆ ಅದಲು ಬದಲು ಮಾಡಬಹುದು, ಸಂಬಂಧ ಬದಲಾಗುವುದಿಲ್ಲ. ಬೇರಿರುವ, ಎಲ್ಲ ಕವಲುಗಳೂ ಎರಡಾಗಿ ಒಡೆಯುವ ಹತ್ತು ಜೀವಿಗಳ ವೃಕ್ಷವನ್ನು ಹೀಗೆ 512 ಬಗೆಯಲ್ಲಿ ಬಿಡಿಸಬಹುದು. ಎರಡು ಹೆಸರುಗಳು ಚಿತ್ರದಲ್ಲಿ ಒಂದರ ಕೆಳಗೆ ಒಂದು ಬಂದಿವೆ ಎಂದು ಅವು ಹತ್ತಿರದ ನೆಂಟರೆಂದು ತಿಳಿಯಬಾರದು. ಅವುಗಳನ್ನು ಕೂಡಿಸುವ ಕವಲು ಎಷ್ಟು ಹಿಂದಿದೆ ಎಂಬುದನ್ನೇ ನೋಡಬೇಕು.

ಇನ್ನೊಂದು ಕಾರಣ ಬೇರು. ಹೆಚ್ಚಿನ ತಂತ್ರಾಂಶಗಳು ಕಟ್ಟಿಕೊಡುವುದು ಬೇರಿಲ್ಲದ ವೃಕ್ಷವನ್ನು. ಹತ್ತು ತುದಿಗಳ ಬೇರಿಲ್ಲದ ವೃಕ್ಷದಲ್ಲಿ 17 ಕೊಂಬೆಗಳಿರುತ್ತವೆ, ಬೇರು ಅವುಗಳಲ್ಲಿ ಯಾವುದರ ಮೇಲೂ ಇರಬಹುದು. ಆದರೂ ಪರದೆಯ ಮೇಲೆ ಎಡದಿಂದ ಬಲಕ್ಕೆ ಬಿಡಿಸಲು ಎಲ್ಲಿಂದಲಾದರೂ ಆರಂಭಿಸಲೇಬೇಕಲ್ಲ. ಆ ಆರಂಭವನ್ನೇ ಬೇರು ಎಂದು ಓದಿಬಿಡುವವರು ಬಹಳ ಮಂದಿ. ಹೊರಗುಂಪಿನಿಂದ ಬೇರನ್ನು ನೀವೇ ಗೊತ್ತುಮಾಡಿ. ಹೊರಗುಂಪು ಇಲ್ಲದಿದ್ದಾಗ ಅತಿ ದೂರದ ಎರಡು ತುದಿಗಳ ನಡುವಿನ ಮಧ್ಯಬಿಂದುವಿನಲ್ಲಿ ಬೇರಿಡುವ ಪದ್ಧತಿಯೂ ಇದೆ. ಎಲ್ಲ ಕೊಂಬೆಗಳಲ್ಲಿಯೂ ಬದಲಾವಣೆಯ ವೇಗ ಸುಮಾರಾಗಿ ಒಂದೇ ಎಂದು ಒಪ್ಪಿಕೊಂಡಾಗ ಮಾತ್ರ ಅದಕ್ಕೆ ಅರ್ಥವಿದೆ.

ಪ್ರಶ್ನೆ: ಹೊಸಬರು ಯಾವ ತಂತ್ರಾಂಶದಿಂದ ಆರಂಭಿಸಬೇಕು?

ಉತ್ತರ: ಮೊದಲು ನೋಡಲು ಫಿಗ್‌ಟ್ರೀ. ಆಂಡ್ರ್ಯೂ ರಾಂಬೌ ಅವರು ಬರೆದ ಇದು ಉಚಿತ, ಹಗುರ, ಮತ್ತು ಬೀಸ್ಟ್‌ನ ಟಿಪ್ಪಣಿಗಳನ್ನು ಓದುತ್ತದೆ. ಬಣ್ಣದ ಪಟ್ಟಿ, ಕಂಬಚಿತ್ರ, ಗುಂಪುಗಳ ಗುರುತು ಇವನ್ನೆಲ್ಲ ಸುತ್ತ ಜೋಡಿಸಬೇಕಾದಾಗ ಬ್ರೌಸರಿನಲ್ಲಿಯೇ ನಡೆಯುವ ಐಟಾಲ್ ಅನುಕೂಲ. ಇವಿಕಾ ಲೆಟುನಿಕ್ ಮತ್ತು ಪೀರ್ ಬೋರ್ಕ್ ಅದನ್ನು 2007ರಲ್ಲಿ ಪ್ರಕಟಿಸಿದರು. ವೃಕ್ಷವಷ್ಟೇ ಅಲ್ಲದೆ, ಕೊಂಬೆಗಳು ಮತ್ತೆ ಕೂಡುವ ಜಾಲಗಳನ್ನೂ ತೋರಿಸಬೇಕಾದವರಿಗೆ ಡೆಂಡ್ರೋಸ್ಕೋಪ್ ಇದೆ.

ಆದರೆ ಇದೇ ಕೆಲಸವನ್ನು ವರ್ಷಗಟ್ಟಲೆ ಮಾಡುವ ಉದ್ದೇಶವಿದ್ದರೆ ಆರ್ ಕಲಿಯಿರಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೌಸಿನಿಂದ ಅಂದಗೊಳಿಸಿದ ಚಿತ್ರದಲ್ಲಿ, ವಿಮರ್ಶಕರು ಒಂದು ಸರಣಿಯನ್ನು ಸೇರಿಸಿ ಎಂದ ದಿನ, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ಯಾವ ಕೊಂಬೆಯನ್ನು ತಿರುಗಿಸಿದಿರಿ, ಯಾವುದನ್ನು ಮಡಚಿದಿರಿ ಎಂಬುದಕ್ಕೆ ದಾಖಲೆಯೂ ಇರುವುದಿಲ್ಲ. ಏಪ್‌ನಿಂದ ವೃಕ್ಷವನ್ನು ಓದಿ ತಿದ್ದಿ, ಜಿಜಿಟ್ರೀಯಿಂದ ಬಿಡಿಸುವ ಇಪ್ಪತ್ತು ಮೂವತ್ತು ಸಾಲುಗಳ ಆದೇಶಪಟ್ಟಿ ಇದ್ದರೆ ಹೊಸ ಕಡತವನ್ನು ಕೊಟ್ಟು ಮತ್ತೆ ಓಡಿಸಿದರಾಯಿತು, ಮತ್ತು ಆ ಪಟ್ಟಿಯೇ ನೀವು ಮಾಡಿದ್ದರ ಪೂರ್ಣ ದಾಖಲೆ. ಪೈಥಾನ್ ಬಲ್ಲವರಿಗೆ ಈಟಿಇ ಇದೇ ಬಗೆಯ ಸೌಲಭ್ಯವನ್ನು ಕೊಡುತ್ತದೆ.

ಪ್ರಶ್ನೆ: ಮೂರು ಸಾವಿರ ತುದಿಗಳ ವೃಕ್ಷವನ್ನು ಒಂದು ಪುಟದಲ್ಲಿ ಹೆಸರುಗಳ ಸಮೇತ ಅಚ್ಚು ಮಾಡಬಹುದೆ?

ಉತ್ತರ: ಸಾಧ್ಯವಿಲ್ಲ. ಎ4 ಹಾಳೆಯ ಎತ್ತರ 297 ಮಿ.ಮೀ.; ಒಂದು ಹೆಸರಿಗೆ ಸಿಗುವುದು 0.1 ಮಿ.ಮೀ. ಆರು ಪಾಯಿಂಟಿನ ಅಕ್ಷರಕ್ಕೇ ಎರಡು ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಜಾಗ ಬೇಕಾಗುವುದರಿಂದ, ಅಂಚನ್ನೂ ಬಿಡದೆ ತುಂಬಿದರೂ 140 ಹೆಸರುಗಳಿಗೆ ಪುಟ ಮುಗಿಯುತ್ತದೆ. ವೃತ್ತಾಕಾರದಲ್ಲಿ ಬಿಡಿಸಿದರೆ ಸುತ್ತಳತೆ ಎತ್ತರದ ಎರಡು ಪಟ್ಟು ಸಿಗುತ್ತದೆ, ಅಷ್ಟೇ.

ಚಿತ್ರದಿಂದ ನೀವು ಏನು ಹೇಳಬೇಕೆಂದಿದ್ದೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಚರ್ಚೆಗೆ ಬೇಕಾದ ಗುಂಪನ್ನು ಬಿಡಿಸಿಟ್ಟು, ಉಳಿದ ಗುಂಪುಗಳನ್ನು ತ್ರಿಕೋನಗಳಾಗಿ ಮಡಚಿ, ಒಂದೊಂದರ ಮೇಲೂ ಹೆಸರು ಮತ್ತು ಜೀವಿಗಳ ಸಂಖ್ಯೆಯನ್ನು ಬರೆಯಿರಿ. ಪೂರ್ಣ ವೃಕ್ಷವನ್ನು ಪಠ್ಯ ಕಡತವಾಗಿ ಪ್ರಬಂಧದ ಜೊತೆಗೇ ಕೊಡಿ. ಚಿತ್ರವನ್ನು ಎಸ್‌ವಿಜಿ ಅಥವಾ ಪಿಡಿಎಫ್ ರೂಪದಲ್ಲಿ ಉಳಿಸಿ. ಜೆಪೆಗ್‌ನಲ್ಲಿ ತೆಳುವಾದ ಗೆರೆಗಳು ಮಸುಕಾಗುತ್ತವೆ.

ಪ್ರಶ್ನೆ: ಹಳೆಯ ಪ್ರಬಂಧವೊಂದರಲ್ಲಿರುವ ವೃಕ್ಷ ನನಗೆ ಬೇಕು, ಆದರೆ ಸಿಗುವುದು ಚಿತ್ರ ಮಾತ್ರ. ಚಿತ್ರದಿಂದ ಕಡತವನ್ನು ಪಡೆಯಬಹುದೆ?

ಉತ್ತರ: ಪಡೆಯಬಹುದು. ಈ ಕಷ್ಟ ನಿಮ್ಮೊಬ್ಬರದಲ್ಲ: 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಬಂಧಗಳನ್ನು ನೋಡಿದಾಗ, ದತ್ತಾಂಶವನ್ನು ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದವು ಆರರಲ್ಲಿ ಒಂದರಷ್ಟು ಮಾತ್ರ. ಆದರೂ ಮೊದಲು ಡ್ರೈಯಾಡ್, ಟ್ರೀಬೇಸ್, ಓಪನ್ ಟ್ರೀ ಆಫ್ ಲೈಫ್ ಎಂಬ ಭಂಡಾರಗಳಲ್ಲಿ ಹುಡುಕಿ, ಲೇಖಕರಿಗೂ ಬರೆದು ನೋಡಿ.

ಎಲ್ಲಿಯೂ ಸಿಗದಿದ್ದರೆ ಚಿತ್ರವನ್ನೇ ಅಳೆಯಬೇಕು. ಟ್ರೀಸ್ನ್ಯಾಚರ್ ಪ್ಲಸ್ ಎಂಬ ತಂತ್ರಾಂಶವು ಚಿತ್ರದ ಗೆರೆಗಳನ್ನು ಗುರುತಿಸಿ ನ್ಯೂಯಿಕ್ ಸಾಲನ್ನು ಕೊಡುತ್ತದೆ. ಇಪ್ಪತ್ತು ಮೂವತ್ತು ತುದಿಗಳ ವೃಕ್ಷವಾದರೆ ಕೈಯಿಂದ ಮಾಡುವುದೇ ಬೇಗ ಮುಗಿಯುತ್ತದೆ ಎನ್ನುವುದು ನಮ್ಮ ಅನಿಸಿಕೆ. ಮೊದಲು ಆವರಣಗಳನ್ನು ಬರೆದುಕೊಂಡು ಆಕಾರವನ್ನು ಸರಿಮಾಡಿ. ನಂತರ ಚಿತ್ರವನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ತೆರೆದು ಅಳತೆಪಟ್ಟಿಯ ಉದ್ದವನ್ನು ನೋಡಿ. 0.1 ಎಂದು ಬರೆದ ಪಟ್ಟಿ 20 ಮಿ.ಮೀ. ಇದ್ದರೆ, 7 ಮಿ.ಮೀ. ಉದ್ದದ ಕೊಂಬೆಯ ಬೆಲೆ 0.035. ಆಯತಾಕಾರದ ಚಿತ್ರದಲ್ಲಿ ಅಡ್ಡ ಗೆರೆಗಳನ್ನು ಮಾತ್ರ ಅಳೆಯಬೇಕು. ಲಂಬ ಗೆರೆಗಳು ಕೊಂಬೆಗಳನ್ನು ಬಿಡಿಸಿ ತೋರಿಸಲು ಇರುವವು, ಅವಕ್ಕೆ ಬೆಲೆಯಿಲ್ಲ. ಪಿಡಿಎಫ್‌ನಲ್ಲಿ ಗೆರೆಗಳು ಗೆರೆಗಳಾಗಿಯೇ ಉಳಿದಿದ್ದರೆ ಅವುಗಳ ನಿಖರವಾದ ಉದ್ದ ನೇರವಾಗಿ ಸಿಗುತ್ತದೆ. ಸ್ಕ್ಯಾನ್ ಮಾಡಿದ ಪುಟವಾದರೆ ಹಾಳೆ ಓರೆಯಾಗಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ.

ಬರೆದು ಮುಗಿಸಿದ ಸಾಲನ್ನು ಫಿಗ್‌ಟ್ರೀಯಲ್ಲಿ ತೆರೆದು, ಮೂಲ ಚಿತ್ರದ ತುದಿಗಳ ಕ್ರಮವೇ ಬರುವಂತೆ ಕೊಂಬೆಗಳನ್ನು ತಿರುಗಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕವಲು ಕವಲಾಗಿ ಹೋಲಿಸಿ. ಈ ಕಡತವನ್ನು ಮುಂದೆ ಎಲ್ಲಿ ಬಳಸಿದರೂ, ಕೊಂಬೆಗಳ ಉದ್ದವನ್ನು ಅಚ್ಚಾದ ಚಿತ್ರದಿಂದ ಅಳೆಯಲಾಗಿದೆ ಎಂದು ಮೂಲ ಪ್ರಬಂಧದ ಹೆಸರಿನೊಂದಿಗೆ ಬರೆಯಿರಿ.